ಸಹಾಯ ಬೇಕು: ಮಂಡಿ ನೋವಿಗೆ ಸ್ಕ್ವಾಟ್ ಪೂರ್ತಿ ಬಿಡಬೇಕಾ, ಎತ್ತೋ ತೂಕ ಇಳಿಸಿದ್ರೆ ಸಾಕಾ?

ಎಲ್ಲರಿಗೂ ನಮಸ್ಕಾರ. ನನಗೀಗ 49, ಊರು ದಾವಣಗೆರೆ. ಕಾಲೇಜು ದಿನದಿಂದಲೂ ಪವರ್‌ಲಿಫ್ಟಿಂಗ್ ಮಾಡ್ಕೊಂಡು ಬಂದಿದೀನಿ, ಈಗಲೂ ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳೋದು) 130 ಕೆಜಿ ಹೊಡೀತೀನಿ. ಮುಂದಿನ ವರ್ಷ ಮಾಸ್ಟರ್ಸ್-2, ಅಂದ್ರೆ 50ರಿಂದ 59ರ ವಿಭಾಗಕ್ಕೆ ಇಳಿಯೋ ಆಸೆ.

ಆದ್ರೆ ಬಲ ಮಂಡಿ ಒಳಬದಿ ನೋವು ಶುರುವಾಗಿದೆ. ಬಾರ್ ಹೊತ್ತಾಗ ಅಷ್ಟಿಲ್ಲ, ಮೆಟ್ಟಿಲು ಇಳಿಯುವಾಗ ಜಾಸ್ತಿ. ಬೆಳಿಗ್ಗೆ ಎದ್ದಾಗ ಕಾಲು ಬಿಗಿದಿರುತ್ತೆ, ನಾಲ್ಕು ಹೆಜ್ಜೆ ಹಾಕಿದ್ಮೇಲೆ ಸಡಿಲ ಆಗುತ್ತೆ. ಊತ ಇಲ್ಲ. ಎಕ್ಸ್‌ರೇಯಲ್ಲಿ ಕೀಲಿನ ಸಂದು ಸ್ವಲ್ಪ ಕಿರಿದಾಗಿದೆ ಅಂತ ಬಂತು.

ನೀ ಸ್ಲೀವ್ (ಮಂಡಿಗೆ ಹಾಕೋ ಬಿಗಿ ಕವಚ), ಐಸ್, ವಿಶ್ರಾಂತಿ ಎಲ್ಲಾ ಆಯ್ತು. ಬಿಟ್ಟು ಕೂತಾಗ ನೋವು ಇಳೀತು, ಆದ್ರೆ ತೊಡೆ ಸೊರಗಿ ಮೆಟ್ಟಿಲು ಹತ್ತೋದೇ ಕಷ್ಟ ಆಯ್ತು.

ಗೊಂದಲ ಇರೋದು ಇಲ್ಲೇ. ಮೂಳೆ ಡಾಕ್ಟರು ಭಾರ ಎತ್ತೋದು ಪೂರ್ತಿ ನಿಲ್ಲಿಸಿ ಅಂತಾರೆ. ಫಿಸಿಯೋ ಪ್ರಕಾರ ಮೃದ್ವಸ್ಥಿಗೆ (ಕೀಲಲ್ಲಿ ಮೂಳೆ ತುದಿ ಮೇಲಿರೋ ನುಣುಪು ಹೊದಿಕೆ) ರಕ್ತನಾಳವೇ ಇಲ್ಲ, ಭಾರ ಬಿದ್ದು ಬಿಟ್ಟು ಆದಾಗಲೇ ಕೀಲಿನ ದ್ರವದಿಂದ ಅದಕ್ಕೆ ಪೋಷಣೆ. ತೊಡೆ ಗಟ್ಟಿ ಇದ್ರೆ ಮಂಡಿಗೂ ಆಸರೆ, ತೂಕ ಇಳಿಸಿ ನಿಧಾನಕ್ಕೆ ಮಾಡಿ ಅಂತಾರೆ. ನನಗೆ ಫಿಸಿಯೋ ಮಾತೇ ಸರಿ ಅನ್ಸುತ್ತೆ, ಆದ್ರೂ ಧೈರ್ಯ ಸಾಲ್ತಿಲ್ಲ.

ಸಂದು ಸವೆದ ಮೇಲೂ ಎತ್ತುತ್ತಿರೋ ಐವತ್ತು ದಾಟಿದವರು ದಯವಿಟ್ಟು ಹೇಳಿ: ತೂಕ ಎಷ್ಟಕ್ಕೆ ಇಳಿಸಿದ್ರಿ, ಬಾಕ್ಸ್ ಸ್ಕ್ವಾಟ್‌ಗೆ (ಹಿಂದೆ ಇಟ್ಟ ಪೆಟ್ಟಿಗೆ ಮೇಲೆ ಕೂತು ಏಳೋದು) ಬದಲಾಯಿಸಿದ್ರಾ, ಎಷ್ಟು ನೋವು ಬಂದ್ರೆ ಅವತ್ತಿಗೆ ನಿಲ್ಲಿಸ್ತೀರಿ?