ಅಪ್‌ಡೇಟ್: ಅನಿನಿಗೆ ಹೋಗಿ ಬಂದೆವು

ಅರುಣಾಚಲದ ದಿಬಾಂಗ್ ಕಣಿವೆಯ ಅನಿನಿಗೆ ಪ್ಯಾಕೇಜ್ ಪ್ರವಾಸವಿಲ್ಲದೆ ಅಪ್ಪ ಮತ್ತು ನಾನು ನಾವಾಗಿಯೇ ಹೋಗಬಹುದೇ ಎಂದು ಫೆಬ್ರವರಿಯಲ್ಲಿ ಕೇಳಿದ್ದೆ. ಹೋಗಿ ಬಂದೆವು. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನರ್ ಲೈನ್ ಪರ್ಮಿಟ್ (ಹೊರರಾಜ್ಯದವರು ಅರುಣಾಚಲಕ್ಕೆ ಹೋಗಲು ಬೇಕಾದ ಅನುಮತಿ ಪತ್ರ) ಆನ್‌ಲೈನ್‌ನಲ್ಲೇ ಸಿಕ್ಕಿತು. ನಾಲ್ಕು ಜೆರಾಕ್ಸ್ ಇಟ್ಟುಕೊಳ್ಳಿ ಎಂದಿದ್ದಿರಿ, ಮೂರು ಬೇಕಾದವು. ಅಸ್ಸಾಮಿನ ತಿನ್ಸುಕಿಯಾವರೆಗೆ ರೈಲು, ಅಲ್ಲಿಂದ 9.15 ಕಿ.ಮೀ. ಉದ್ದದ ಧೋಲಾ-ಸದಿಯಾ ಸೇತುವೆ ದಾಟಿ ರೋಯಿಂಗ್ ಪಟ್ಟಣ.

ಕಷ್ಟದ ದಾರಿ ಶುರುವಾಗುವುದು ಆಮೇಲೆ. ಶೇರ್ ಸುಮೋ ನಸುಕಿಗೇ ಹೊರಡುತ್ತದೆ, ಹಿಂದಿನ ದಿನವೇ ಸೀಟು ಹಿಡಿಯಬೇಕು. 2,600 ಮೀಟರಿಗೂ ಎತ್ತರದ ಮಾಯೋದಿಯಾದಲ್ಲಿ ಎಂಥ ಮಂಜೆಂದರೆ, ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಯ ಅಂಚು ನೋಡುತ್ತಿದ್ದ. ಮುಂದೆ ಗುಡ್ಡ ಕುಸಿದು ನಾಲ್ಕು ತಾಸು ನಿಂತೆವು. ಪಕ್ಕದಲ್ಲಿದ್ದ, ಅಲ್ಲಿನ ‘ಇದು ಮಿಶ್ಮಿ’ ಬುಡಕಟ್ಟಿನ ಅಜ್ಜಿ ಬಿದಿರಿನ ಬುಟ್ಟಿಯಿಂದ ಬೇಯಿಸಿದ ಗೆಣಸು ತೆಗೆದು ಅಪ್ಪನ ಅಂಗೈಗಿಟ್ಟರು. ಅಪ್ಪ ಮಾತು ಬಾರದೆ ಕೈಮುಗಿದರು. ಇಡೀ ಪ್ರಯಾಣದಲ್ಲಿ ನನಗೆ ಹೆಚ್ಚು ನೆನಪಿರುವುದು ಇದೇ.

ವಾಪಸು ರೈಲಿಗೆ ಮುಂಚೆ ಎರಡು ದಿನ ಖಾಲಿ ಬಿಡಿ ಎಂದವರಿಗೆ ವಿಶೇಷ ವಂದನೆ. ಆ ಎರಡೂ ದಿನ ಮಳೆಯಲ್ಲೇ ಕಳೆದವು, ಆದರೂ ರೈಲು ತಪ್ಪಲಿಲ್ಲ. ನಗದನ್ನು ರೋಯಿಂಗ್‌ನಲ್ಲೇ ತೆಗೆದುಕೊಳ್ಳಿ. ಅಮ್ಮನನ್ನೂ ಕರೆದುಕೊಂಡು ನವೆಂಬರ್‌ನಲ್ಲಿ ಮತ್ತೆ ಹೋಗುತ್ತಿದ್ದೇವೆ.