ಕೋಡ್ ಮಡಿಸುವುದೋ ಮಡಚುವುದೋ?

ಎಲ್ಲರಿಗೂ ನಮಸ್ಕಾರ,

ಒಂದು ಕೋಡ್ ಎಡಿಟರಿನ (ಪ್ರೋಗ್ರಾಂ ಬರೆಯುವ ತಂತ್ರಾಂಶದ) ಮೆನುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫೋಲ್ಡ್, ಕೊಲ್ಯಾಪ್ಸ್ ಎನ್ನುವ ಪದಗಳ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಕೋಡ್ ಬರೆಯದವರಿಗಾಗಿ ಹೇಳುತ್ತೇನೆ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು, 12ನೇ ಸಾಲಿನಿಂದ 47ರವರೆಗೆ ಇದೆ ಅನ್ನಿ. ಸಾಲಿನ ನಂಬರಿನ ಪಕ್ಕದಲ್ಲಿರುವ ಪುಟ್ಟ ಬಾಣ ಒತ್ತಿದರೆ 12ನೇ ಸಾಲು ಮಾತ್ರ ಉಳಿದು, ಅದರ ತುದಿಗೆ ಮೂರು ಚುಕ್ಕಿ ಬಂದು, ಕೆಳಗೆ ನೇರವಾಗಿ 48 ಕಾಣುತ್ತದೆ. ಕೋಡ್ ಎಲ್ಲೂ ಹೋಗಿರುವುದಿಲ್ಲ, ಪ್ರೋಗ್ರಾಂ ಎಂದಿನಂತೆ ಓಡುತ್ತದೆ. ಇದೇ ಫೋಲ್ಡ್ ಅಥವಾ ಕೊಲ್ಯಾಪ್ಸ್.

ಹಳೆಯ ಅನುವಾದದಲ್ಲಿ ಇದಕ್ಕೆ 'ಕುಸಿಯಿರಿ' ಎಂದಿತ್ತು. ನನ್ನ ಹತ್ತಿರ ಕಲಿಯಲು ಬರುವ ಹುಡುಗಿ ಅದನ್ನು ಓದಿ, ಒತ್ತಿದರೆ ಬರೆದದ್ದೆಲ್ಲ ಹಾಳಾಗುತ್ತದೇನೋ ಎಂದು ಮೌಸ್ ಮೇಲಿಂದ ಕೈ ತೆಗೆದುಬಿಟ್ಟಳು. ಅವಳ ತಪ್ಪೇನಿಲ್ಲ. ಕುಸಿಯುವುದು ಗೋಡೆ, ಸೇತುವೆ, ಅಲ್ವಾ? 'ಮುಚ್ಚು' ಅಂದರೆ ಫೈಲ್ ಮುಚ್ಚುವುದರ ಜೊತೆ ಗೊಂದಲ. 'ಸಂಕುಚಿಸಿ' ಎಂದೂ ನೋಡಿದ್ದೇನೆ, ಅದು ಯಾರ ಬಾಯಲ್ಲೂ ಬರುವ ಮಾತಲ್ಲ.

ವಿಮ್ ಎನ್ನುವ ಇನ್ನೊಂದು ಎಡಿಟರಿನಲ್ಲಿ ಈ ಕೆಲಸದ ಕೀಲಿಗಳು ಇಂಗ್ಲಿಷಿನ ಝಡ್ ಅಕ್ಷರದಿಂದ ಶುರುವಾಗುತ್ತವೆ. ಮಡಿಸಿದ ಕಾಗದವನ್ನು ಪಕ್ಕದಿಂದ ನೋಡಿದರೆ ಝಡ್ ಹಾಗೆ ಕಾಣುತ್ತದೆ ಅಂತ ಅದರ ಸಹಾಯದ ಪುಟದಲ್ಲೇ ಇದೆ. ಹಾಗಾಗಿ ನನ್ನ ಮನಸ್ಸು ಮಡಿಸು, ಮಡಚು ಇವೆರಡರ ಕಡೆಗೇ.

ಆದರೆ ಯಾವುದು? ನಮ್ಮ ಮನೆಯಲ್ಲಿ ಬಟ್ಟೆ, ಕಾಗದ ಮಡಿಸುತ್ತೇವೆ. ಛತ್ರಿ, ಕಬ್ಬಿಣದ ಕುರ್ಚಿ, ಊಟವಾದ ಮೇಲೆ ಬಾಳೆಎಲೆ, ಇವನ್ನು ಮಡಚುತ್ತೇವೆ. ಬಟ್ಟೆಯನ್ನು ಎಲ್ಲಿ ಬೇಕಾದರೂ ಮಡಿಸಬಹುದು, ಛತ್ರಿ ಮಾತ್ರ ಕೀಲು ಇದ್ದಲ್ಲೇ ಮಡಚಿಕೊಳ್ಳುತ್ತದೆ, ಎಲೆ ದಿಂಡು ಇದ್ದಲ್ಲಿ. ಕೋಡ್ ಕೂಡ ಸಾಮಾನ್ಯವಾಗಿ ಬ್ಲಾಕ್ (ಒಟ್ಟಿಗೆ ಸೇರಿದ ಸಾಲುಗಳ ಗುಂಪು) ಶುರುವಾಗುವ ಕಡೆಯೇ ಮಡಚಿಕೊಳ್ಳುವುದರಿಂದ ನನಗೆ 'ಮಡಚು' ಹೆಚ್ಚು ಹೊಂದುತ್ತದೆ ಅನ್ನಿಸಿದೆ. ನಿಮ್ಮ ಕಡೆ ಈ ವ್ಯತ್ಯಾಸ ಇದೆಯಾ, ಅಥವಾ ಎರಡೂ ಒಂದೇನಾ?

ಹೆಸರುಪದಕ್ಕೆ 'ಮಡಿಕೆ' ಚೆನ್ನ, ಆದರೆ ನಮ್ಮಲ್ಲಿ ಮಣ್ಣಿನ ಪಾತ್ರೆಗೂ ಅದನ್ನೇ ಅನ್ನುತ್ತಾರೆ. ಇಮ್ಮಡಿ, ನೂರ್ಮಡಿಯಲ್ಲಿರುವ 'ಮಡಿ' ಇದೇ ಮಡಿಕೆ, ಆದರೂ ಬರೀ 'ಮಡಿ' ಅಂದರೆ ಎಲ್ಲರಿಗೂ ಒದ್ದೆ ಪಂಚೆಯೇ ನೆನಪಾಗುತ್ತದೆ. ಇನ್ನು ವಿರುದ್ಧ ಪದ. ಮೆನುವಿನಲ್ಲಿ ಸುಮ್ನೆ 'ಬಿಚ್ಚಿ' ಎಂದು ಒಂಟಿಯಾಗಿ ಬರೆದರೆ ಮುಜುಗರ. 'ಬಿಡಿಸಿ' ಅಂದರೆ ಲೆಕ್ಕ, ಚಿತ್ರದ ಕಡೆಗೆ ಹೋಗುತ್ತದೆ. 'ಮಡಿಕೆ ಬಿಡಿಸಿ' ಅಂತ ಹಾಕೋಣವೇ? ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.