ಪುಟ್ಟಿ, ಆ ಚೀಲಗಳನ್ನು ಪಾತ್ರೆಯವಳಿಗೆ ಕೊಡಬೇಡ

ಪುಟ್ಟಿ, ರಾತ್ರಿ ನೀನು ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಮಂಚದ ಕೆಳಗೆ ನಾಲ್ಕು, ಅಟ್ಟದ ಮೇಲೆ ಮೂರು, ಒಟ್ಟು ಏಳು ಚೀಲ ಬಟ್ಟೆ. "ಹಳೆ ಬಟ್ಟೆ ಜೋಡಿಸಿ ಹೊದೆಯೋಕೆ ಕೌದಿ ಹೊಲಿಯೋಣ ಅಂತ ಕೂಡಿಟ್ಟೆ ದೊಡ್ಡಮ್ಮ, ಈಗ ಆ ರೂಮಿಗೆ ಕಾಲಿಟ್ಟರೇ ಎದೆ ಭಾರ ಆಗುತ್ತೆ, ಬಿಸಾಡೋಕೂ ಮನಸ್ಸಿಲ್ಲ" ಅಂತ ಬರೆದಿದ್ದೀಯ. ಅದಕ್ಕೆ ನಿನ್ನ ಮಾವ, ಎಲ್ಲಾ ಪಾತ್ರೆಯವಳಿಗೆ ಹಾಕಿ ಒಂದು ಸ್ಟೀಲ್ ಡಬರಿ ತಗೋ ಅಂದ. ಅತ್ತೆ, ಯಾರಿಗಾದರೂ ಹಂಚಿಬಿಡು ಅಂದಳು. ಇಬ್ಬರೂ ನಿನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ಸ್ವಲ್ಪ ತಾಳು. ಇದು ಉದ್ದ ಆಗುತ್ತೆ, ಅಡುಗೆ ಮಾಡುತ್ತಾ ಕೇಳಿಸಿಕೋ.

ಮೊದಲು ನನ್ನದು ಹೇಳುತ್ತೇನೆ. ನಿನ್ನ ಅಜ್ಜಿ, ಅಂದರೆ ನನ್ನ ಅಮ್ಮ, ಹೋದ ಮೇಲೆ ಗುಬ್ಬಿ ಕಡೆಯ ಮನೆಯಿಂದ ನಾನೊಂದು ಟ್ರಂಕು ತಂದೆನಲ್ಲ, ನಿನಗೆ ನೆನಪಿರಬೇಕು. ಅದರಲ್ಲಿ ಅಮ್ಮನ 14 ಸೀರೆ ಇದ್ದವು. ಹಸಿರು ಅಂಚಿನ ನೇರಳೆ ರೇಷ್ಮೆ ಒಂದಿತ್ತು, ಹಬ್ಬದ ದಿನ ಮಾತ್ರ ಉಡುತ್ತಿದ್ದಳು. ಆಗಲೇ ಹೊಲಿಯಬಹುದಿತ್ತು. ಕೈ ಪಳಗಲಿ, ಆಮೇಲೆ ಒಳ್ಳೆಯ ಕೌದಿ ಮಾಡೋಣ ಅಂತ ಎತ್ತಿಟ್ಟೆ. ಮೇಲೆ ನಾಲ್ಕು ನುಸಿಗುಳಿಗೆ ಉದುರಿಸಿ ಮುಚ್ಚಳ ಹಾಕಿದೆ. ಹಾಗೇ 11 ವರ್ಷ ಹೋಯಿತು.

ತೆಗೆದಾಗ ಮೇಲಿನ ಎರಡು ಹತ್ತಿ ಸೀರೆಗಳಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ತೂತುಗಳಿದ್ದವು. ಅಮ್ಮ ಗಂಜಿ ಹಾಕದೆ ಸೀರೆ ಮಡಿಸಿದವಳೇ ಅಲ್ಲ. ಬೆಳ್ಳಿಹುಳಕ್ಕೆ ಆ ಗಂಜಿಯೇ ಊಟ. ಗುಳಿಗೆ ನೇರವಾಗಿ ತಾಗಿದ್ದ ಕಡೆ ಜರಿ ಕಪ್ಪಾಗಿತ್ತು. ನೇರಳೆ ಸೀರೆ ಮೇಲುನೋಟಕ್ಕೆ ಚೆನ್ನಾಗೇ ಕಾಣುತ್ತಿತ್ತು. ಎರಡೂ ಕೈಯಲ್ಲಿ ಎತ್ತಿದೆ ನೋಡು, ಒಣಗಿದ ಬಾಳೆಲೆ ಸೀಳಿದ ಹಾಗೆ ಸದ್ದು. ಮಡಿಕೆ ಇದ್ದ ಕಡೆಯೆಲ್ಲ ನೆಟ್ಟಗೆ ಗೆರೆ ಎಳೆದಂತೆ ಸೀಳಿಕೊಂಡಿತು. ರೇಷ್ಮೆ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ಆ ಗೆರೆಯಲ್ಲೇ ಎಳೆ ಮುರಿಯುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಕಡೆ ಮಡಿಸಿದ್ದರೆ ಉಳಿಯುತ್ತಿತ್ತು. ಆ ದಿನ ನಾನು ಅದನ್ನು ಮಡಿಲಲ್ಲಿ ಹಾಕಿಕೊಂಡು ಸುಮ್ನೆ ಕೂತಿದ್ದೆ. ಸಂಜೆ ದೀಪ ಹಚ್ಚುವುದೂ ಮರೆತುಹೋಯಿತು.

ಅದಕ್ಕೇ ಹೇಳುತ್ತಿದ್ದೇನೆ. ಆ ಏಳು ಚೀಲದಲ್ಲಿ ಒಂದರಲ್ಲಿ ನಿಮ್ಮಮ್ಮನ ಸೀರೆಗಳಿವೆ ಅಂತ ನನಗೆ ಗೊತ್ತು. ಫೋಟೋದಲ್ಲಿ ನೀಲಿ ಅಂಚು ಹೊರಗೆ ಇಣುಕುತ್ತಿತ್ತು, ಗುರುತು ಹಿಡಿದೆ. ನನ್ನ ತಂಗಿ ಅದನ್ನು ಸಿದ್ಧಗಂಗೆ ಜಾತ್ರೆಗೆ ಉಟ್ಟುಕೊಂಡು ಬಂದಿದ್ದಳು. ಆ ಒಂದು ಚೀಲಕ್ಕೆ ಕತ್ತರಿ ಹಾಕಲು ನಿನಗೆ ಭಯ. ಅದನ್ನು ಮುಟ್ಟಲಾಗದೆ ಉಳಿದ ಆರನ್ನೂ ಹಾಗೇ ಬಿಟ್ಟಿದ್ದೀಯ. ಟೈಲರ್ ಅಂಗಡಿಯಿಂದ ಇನ್ನಷ್ಟು ತುಂಡು ತಂದು ತುಂಬುತ್ತಲೂ ಇದ್ದೀಯ. ಹೌದು ತಾನೇ? ನಾನೂ ಹಾಗೇ ಮಾಡಿದ್ದೆ. ಬಿ.ಎಚ್. ರಸ್ತೆಯ ಒಂದು ಅಂಗಡಿಯವರು ವಾರಕ್ಕೊಂದು ಕವರ್ ಎತ್ತಿಟ್ಟು ಕೊಡುತ್ತಿದ್ದರು, ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ.

ಈಗ ಕೆಲಸಕ್ಕೆ ಬರೋಣ. ಬಣ್ಣ ನೋಡಿ ಬೇರೆ ಮಾಡಲು ಹೋಗಬೇಡ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಅಂತ, ದಿನವಿಡೀ ಅದರಲ್ಲೇ ಹೋಗುತ್ತದೆ. ಮೊದಲು ಹತ್ತಿ ಯಾವುದು, ಪಾಲಿಸ್ಟರ್ ಯಾವುದು ನೋಡು. ಗೊತ್ತಾಗದಿದ್ದರೆ ಒಂದೆರಡು ಎಳೆ ಕಿತ್ತು, ಸ್ಟೀಲ್ ತಟ್ಟೆ ಮೇಲೆ ಹಿಡಿದು ಬೆಂಕಿ ತಾಗಿಸು. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿ ಆಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಸ್ಟರ್ ಕುಗ್ಗುವುದಿಲ್ಲ. ಎರಡೂ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಕೌದಿ ಮುದುರಿಕೊಳ್ಳುತ್ತದೆ. ಪಾಲಿಸ್ಟರ್, ಜಾರ್ಜೆಟ್ ಎಲ್ಲ ಪಾತ್ರೆಯವಳಿಗೆ ಕೊಡು, ನಿನ್ನ ಮಾವನ ಡಬರಿ ಅದರಲ್ಲೇ ಬರಲಿ.

ಹತ್ತಿಯಲ್ಲಿ ಉಳಿದದ್ದನ್ನು ಕಿಟಕಿಗೆ ಹಿಡಿದು ನೋಡು. ಜಾಲರಿಯ ಹಾಗೆ ಬೆಳಕು ತೋರಿದರೆ ಅದು ಸವೆದ ಬಟ್ಟೆ. ಎರಡು ಹೆಬ್ಬೆರಳಿನ ನಡುವೆ ಹಿಡಿದು ಎಳೆ, ಪಿಸುಗಿದರೆ ಅದನ್ನು ಮೇಲಿನ ಪದರಕ್ಕೆ ಹಾಕಬೇಡ, ಒಳಗೆ ಹಾಕು. ಅಂಗೈಗಿಂತ ಚಿಕ್ಕ ಚೂರನ್ನು ದಿಂಬಿಗೆ ತುಂಬು. ಕೆಂಪು, ಮರೂನ್ ಬಟ್ಟೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡು, ಬಣ್ಣ ಬಿಡುತ್ತಿದ್ದರೆ ಬೇರೆ ಇಡು. ಎಲ್ಲವನ್ನೂ ಒಮ್ಮೆ ನೀರಿಗೆ ಹಾಕಿ ಗಂಜಿ ಪೂರ್ತಿ ಬಿಡುವ ತನಕ ಜಾಲಿಸಿ ನೆರಳಲ್ಲಿ ಒಣಗಿಸು. ಇನ್ನೊಂದು, ಆ ಪ್ಲಾಸ್ಟಿಕ್ ಅಕ್ಕಿ ಚೀಲಗಳನ್ನು ಬಿಡು ಮಗಳೇ. ಮಳೆಗಾಲದಲ್ಲಿ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಗಂಟು ಕಟ್ಟಿಡು, ಹುಳ ಬಾರದ ಹಾಗೆ ಒಂದು ತುಂಡು ಬಜೆ ಬೇರು ಸಣ್ಣ ಬಟ್ಟೆಯಲ್ಲಿ ಸುತ್ತಿ ಒಳಗೆ ಹಾಕು.

ಆಮೇಲೆ ಲೆಕ್ಕ. ಸುಮಾರು ಐದಡಿ ಅಗಲ, ಏಳಡಿ ಉದ್ದದ ಒಂದು ಕೌದಿಗೆ ಎಷ್ಟು ಬೇಕು ಅಂತ ಗೊತ್ತಾದರೆ ನಿನ್ನ ಅರ್ಧ ಭಾರ ಇಳಿಯುತ್ತದೆ. ರಟ್ಟಿನಲ್ಲಿ ಐದಿಂಚಿನ ಚೌಕ ಕತ್ತರಿಸಿಕೋ. ಸುತ್ತ ಕಾಲಿಂಚು ಹೊಲಿಗೆಗೆ ಹೋದರೆ ನಾಲ್ಕೂವರೆ ಇಂಚು ಉಳಿಯುತ್ತದೆ. ಅಗಲಕ್ಕೆ 13, ಉದ್ದಕ್ಕೆ 19, ಅಂದರೆ 247 ಚೂರು. ಒಳಪದರಕ್ಕೆ ಹಳೆಯ ಹತ್ತಿ ಸೀರೆ. ಐದೂವರೆ ಮೀಟರ್ ಸೀರೆಯನ್ನು ನಡುವಿಗೆ ಕತ್ತರಿಸಿ ಎರಡು ಅರ್ಧ ಪಕ್ಕಪಕ್ಕ ಜೋಡಿಸಿದರೆ ಸುಮಾರು ಒಂಬತ್ತಡಿಗೆ ಏಳೂವರೆ ಅಡಿ ಬರುತ್ತದೆ. ಒಂದು ಪದರಕ್ಕೆ ಒಂದು ಸೀರೆ ಧಾರಾಳ ಸಾಕು. ಒಳಗೆ ಎರಡು, ಕೆಳಗೆ ಒಂದು, ಒಟ್ಟು ಮೂರು ಸೀರೆ. ಅಷ್ಟನ್ನೇ ಒಂದು ಗಂಟು ಕಟ್ಟಿ ಹೊರಗಿಡು. ಉಳಿದದ್ದರ ಕಡೆ ಈಗ ನೋಡಲೇಬೇಡ. ಈ ಕೌದಿ ಮುಗಿಯುವ ತನಕ ಟೈಲರ್ ಅಂಗಡಿಯಿಂದ ಒಂದು ಚೂರೂ ತರಬೇಡ.

ಚೂರು ಜೋಡಿಸಲು ಮೆಷಿನ್ ಸಾಕು. ಪದರ ಕೂಡಿಸುವ ಸಾಲು ಹೊಲಿಗೆ ಮಾತ್ರ ಕೈಯಲ್ಲೇ ಹಾಕು, ದಪ್ಪ ಹತ್ತಿ ದಾರದಲ್ಲಿ. ನಮ್ಮಮ್ಮ ಬೊಂತೆ, ಅಂದರೆ ಕೌದಿ, ಹೊಲಿಯುವಾಗ ಚಾಪೆ ಮೇಲೆ ಹರಡಿ, ನಾಲ್ಕು ಮೂಲೆಗೂ ಗುಂಡುಕಲ್ಲು ಇಡುತ್ತಿದ್ದಳು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಬರುತ್ತಾ ಬರುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಅವರು ರಟ್ಟು ಇಟ್ಟು ಅಳೆಯುವುದಿಲ್ಲ, ಕೈಗೆ ಸಿಕ್ಕ ತುಂಡನ್ನು ಅಂಚು ಮಡಿಸಿ ಇಟ್ಟು ಹೊಲಿಯುತ್ತಾರೆ. ಎಷ್ಟು ಚೆಂದ ಬರುತ್ತದೆ ಗೊತ್ತಾ! ನಿನ್ನ ಚೌಕ ಒಂದು ಕೂದಲೆಳೆ ಆಚೀಚೆ ಆದರೆ ಬಿಚ್ಚುತ್ತಾ ಕೂರಬೇಡ.

ಮೊದಲ ಕೌದಿ ನಿಮ್ಮಮ್ಮನ ಸೀರೆಗಳದ್ದೇ ಆಗಲಿ. ಕಲಿಯಲಿಕ್ಕೆ ಬೇರೆ ಬಟ್ಟೆ, ಇದು ಆಮೇಲೆ ಅನ್ನಬೇಡ, ನಾನು ಹಾಗೆ ಅಂದೇ ಕೆಟ್ಟೆ. ಬಟ್ಟೆಗೆ ಇನ್ನೂ ಶಕ್ತಿ ಇದೆ. ಅವಳ ಮೊಮ್ಮಗ ಈ ಚಳಿಗೆ ಅದನ್ನು ಹೊದ್ದು ಮಲಗಲಿ. ಪೂರ್ತಿ ಕತ್ತರಿಸಲು ಸಂಕಟ ಆದರೆ ಸೆರಗಿನಿಂದ ಒಂದು ಮೊಳ ತೆಗೆದು ಹಾಗೇ ಇಟ್ಟುಕೋ. ನನಗೂ ಒಂದು ಚೂರು ಎತ್ತಿಡು, ನೀಲಿ ಅಂಚಿನದು.

ಬರುವ ಭಾನುವಾರ ನಾನೇ ಬರುತ್ತೇನೆ. ಬೆಳಗ್ಗೆ ಬಸ್ಸಿಗೆ ಹೊರಟು ದೊಡ್ಡಬಳ್ಳಾಪುರದ ಮೇಲೆ ಬಂದರೆ ಊಟದ ಹೊತ್ತಿಗೆ ಚಿಕ್ಕಬಳ್ಳಾಪುರದಲ್ಲಿರುತ್ತೇನೆ. ದೊಡ್ಡ ಕತ್ತರಿ ಸಾಣೆ ಹಿಡಿಸಿ ಇಟ್ಟಿದ್ದೇನೆ, ತರುತ್ತೇನೆ. ಅಷ್ಟರೊಳಗೆ ನೀನು ಮಂಚದ ಕೆಳಗಿನ ನಾಲ್ಕು ಚೀಲದ ಪಾಲಿಸ್ಟರ್ ಬೇರೆ ಮಾಡಿಡು. ನಿಮ್ಮಮ್ಮನ ಚೀಲ ಒಬ್ಬಳೇ ಬಿಚ್ಚಬೇಡ, ನಾನು ಬಂದ ಮೇಲೆ ಬಿಚ್ಚೋಣ.